ಎಲೆಕ್ಟ್ರಾನಿಕ್ ಪೈಲಟ್ ಲಾಗ್‌ಬುಕ್‌ನಲ್ಲಿ ಮೊತ್ತ ತಾಳೆಯಾಗದಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಪೈಲಟ್ ತನ್ನ ಹಾರಾಟದ ಗಂಟೆಗಳನ್ನು ದಾಖಲಿಸುವ ಲಾಗ್‌ಬುಕ್ ತಂತ್ರಾಂಶದ ದೋಷಗಳು ಸಾಮಾನ್ಯವಾಗಿ ಒಟ್ಟು ಮೊತ್ತದಲ್ಲಿ ಕಣ್ಣಿಗೆ ಬೀಳುತ್ತವೆ, ಆದರೆ ಅವು ಹುಟ್ಟುವುದು ಯಾವುದೋ ಒಂದು ಸಾಲಿನಲ್ಲಿ. ಕಾಗದದ ಪುಸ್ತಕದಲ್ಲಿ ಇನ್ನೂರ ಹನ್ನೆರಡು ಗಂಟೆ ಇದ್ದು ತೆರೆಯ ಮೇಲೆ ಇನ್ನೂರ ನಾಲ್ಕು ಗಂಟೆ ಕಂಡಾಗ, ಉಳಿದ ಎಂಟು ಗಂಟೆಗಳನ್ನು ‘ಹಿಂದಿನ ಬಾಕಿ’ ಎಂಬ ಕಾಲಂನಲ್ಲಿ ಸೇರಿಸಿ ಲೆಕ್ಕ ಸರಿಮಾಡಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಕೂಡದು ಎಂಬುದೇ ಈ ಕೈಪಿಡಿಯ ಮೂಲ ಸೂತ್ರ. ಮೊತ್ತವನ್ನು ತಿದ್ದಿದರೆ ತಪ್ಪು ಸಾಲು ಹಾಗೆಯೇ ಉಳಿಯುತ್ತದೆ, ಅದರ ಜೊತೆಗೆ ಆಧಾರವಿಲ್ಲದ ಇನ್ನೊಂದು ಅಂಕಿಯೂ ದಾಖಲೆಗೆ ಸೇರುತ್ತದೆ. ಭಾರತದ ವಿಮಾನ ನಿಯಮಗಳು, 1937ರ 67ಎ ನಿಯಮವು ಹಾರಾಟ ಸಿಬ್ಬಂದಿಯ ವೈಯಕ್ತಿಕ ಲಾಗ್‌ಬುಕ್ಕನ್ನು ಕಡ್ಡಾಯಗೊಳಿಸಿದೆ ಮತ್ತು ಕೊನೆಯ ನಮೂದಿನ ನಂತರವೂ ಐದು ವರ್ಷ ಅದನ್ನು ಕಾಪಾಡಬೇಕೆಂದು ಹೇಳುತ್ತದೆ. ಪರವಾನಗಿಗೆ ಅರ್ಜಿ ಹಾಕುವಾಗ ಪ್ರತಿ ಗಂಟೆಗೂ ಒಂದು ದಿನಾಂಕ, ಒಂದು ವಿಮಾನ, ಒಂದು ಹೊರಡುವ ಸ್ಥಳ ತೋರಿಸಬೇಕಾಗುತ್ತದೆ. ಎಲ್ಲಿಂದಲೂ ಬಾರದ ಎಂಟು ಗಂಟೆಗಳಿಗೆ ಇವು ಯಾವುವೂ ಇರುವುದಿಲ್ಲ.

ಇಲ್ಲಿ ಆರಿಸಿಕೊಂಡಿರುವ ಸಂದರ್ಭ ಒಂದು ನಿರ್ದಿಷ್ಟ ಬಗೆಯದು. ಕರ್ನಾಟಕದಿಂದ ಅಮೆರಿಕಕ್ಕೆ ಹೋಗಿ, ಫ್ಲಾರಿಡಾದಲ್ಲೋ ಅರಿಜೋನಾದಲ್ಲೋ ತರಬೇತಿ ಪಡೆದು, ಭಾರತಕ್ಕೆ ಮರಳಿ ಡಿಜಿಸಿಎ (ಭಾರತದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಪರವಾನಗಿಗೆ ಪರಿವರ್ತನೆ ಮಾಡಿಸಿಕೊಳ್ಳುವ ಪೈಲಟ್‌ಗಳ ಲಾಗ್‌ಬುಕ್ ಅದು. ತಂತ್ರಾಂಶ ಎಡವುವ ಬಹುತೇಕ ಎಲ್ಲ ಜಾಗಗಳೂ ಈ ಒಂದು ದಾಖಲೆಯಲ್ಲಿ ಎದುರಾಗುತ್ತವೆ. ಅಲ್ಲಿ ಗಂಟೆಯನ್ನು ದಶಮಾಂಶದಲ್ಲಿ ಬರೆಯುತ್ತಾರೆ, ಇಲ್ಲಿ ಗಂಟೆ ಮತ್ತು ನಿಮಿಷದಲ್ಲಿ ಬರೆಯುತ್ತೇವೆ. ಅಲ್ಲಿ ತಿಂಗಳು ಮೊದಲು ಬರುತ್ತದೆ, ಇಲ್ಲಿ ದಿನ ಮೊದಲು. ಯಾವ ಹಾರಾಟವನ್ನು ಯಾವ ಕಾಲಂನಲ್ಲಿ ಎಣಿಸಬೇಕು ಎಂಬ ನಿಯಮವೂ ಬೇರೆ. ಇಲ್ಲಿಯೇ ಜಕ್ಕೂರಿನಲ್ಲೋ ಬೇರೆ ಕಡೆಯೋ ಕಲಿತವರಿಗೂ, ವಿಮಾನಯಾನ ಸಂಸ್ಥೆಗಳಲ್ಲಿ ಹಾರುತ್ತಿರುವವರಿಗೂ ಮುಂದಿನ ಹೆಚ್ಚಿನ ಪರೀಕ್ಷೆಗಳು ಹಾಗೆಯೇ ಅನ್ವಯಿಸುತ್ತವೆ.

ಮೊದಲು ದತ್ತಾಂಶವನ್ನು ನಿಲ್ಲಿಸಿ

ಹುಡುಕಾಟ ಶುರುಮಾಡುವ ಮೊದಲು ದತ್ತಾಂಶ ಚಲಿಸದಂತೆ ನೋಡಿಕೊಳ್ಳಬೇಕು. ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರರಲ್ಲೂ ಸಿಂಕ್ (ಸಾಧನಗಳ ದತ್ತಾಂಶವನ್ನು ತಾನಾಗಿ ಒಂದೇ ಆಗಿಸುವ ಸೌಲಭ್ಯ) ಆಫ್ ಮಾಡಬೇಕು, ಏಕೆಂದರೆ ಒಂದು ಸಾಧನದಲ್ಲಿ ನಡೆದ ತಪ್ಪು ಅಳಿಸುವಿಕೆ ಕೆಲವೇ ಕ್ಷಣಗಳಲ್ಲಿ ಉಳಿದ ಎರಡಕ್ಕೂ ತಲುಪುತ್ತದೆ. ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಅದು ತಪ್ಪನ್ನೂ ಸರಿಯನ್ನೂ ಒಂದೇ ನಿಷ್ಠೆಯಿಂದ ನಕಲು ಮಾಡುತ್ತದೆ. ಆಮೇಲೆ ತಂತ್ರಾಂಶ ಕೊಡುವ ಎಲ್ಲ ಬಗೆಯ ರಫ್ತುಗಳನ್ನು, ಅಂದರೆ ಸಿಎಸ್‌ವಿ ಕಡತ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಪಠ್ಯ ಕಡತ), ಪಿಡಿಎಫ್ ಮತ್ತು ತಂತ್ರಾಂಶದ ಸ್ವಂತ ಬ್ಯಾಕಪ್ ಕಡತವನ್ನು, ಪ್ರತ್ಯೇಕ ಫೋಲ್ಡರ್‌ನಲ್ಲಿ ದಿನಾಂಕ ಹಾಕಿ ಇಟ್ಟು, ಆ ಫೋಲ್ಡರ್ ಅನ್ನು ಮತ್ತೆ ಮುಟ್ಟಬಾರದು. ಕೆಲಸವೆಲ್ಲ ನಕಲಿನ ಮೇಲೆಯೇ ನಡೆಯಬೇಕು.

ಆ್ಯಪ್ ಅನ್ನು ತೆಗೆದು ಮತ್ತೆ ಹಾಕಿ ನೋಡುವುದು ಬೇರೆ ತಂತ್ರಾಂಶಗಳಲ್ಲಿ ಮೊದಲ ಉಪಾಯವಾಗಿರಬಹುದು, ಆದರೆ ಲಾಗ್‌ಬುಕ್ ವಿಷಯದಲ್ಲಿ ಅದು ಕಟ್ಟಕಡೆಯದು. ದತ್ತಾಂಶ ಸಾಧನದಲ್ಲಷ್ಟೇ ಇದ್ದರೆ ಆ್ಯಪ್ ಜೊತೆಗೆ ಅದೂ ಅಳಿದುಹೋಗುತ್ತದೆ. ಇನ್ನೊಂದು ಎಚ್ಚರಿಕೆ ದತ್ತಾಂಶ ಕಡತವನ್ನು ನೇರವಾಗಿ ನಕಲು ಮಾಡುವವರಿಗೆ. ಬಹಳಷ್ಟು ಆ್ಯಪ್‌ಗಳು ಎಸ್‌ಕ್ಯೂಲೈಟ್ ಎಂಬ ವ್ಯವಸ್ಥೆಯಲ್ಲಿ ದಾಖಲೆ ಇಡುತ್ತವೆ. ಇತ್ತೀಚಿನ ನಮೂದುಗಳು ಮುಖ್ಯ ಕಡತದಲ್ಲಿ ಇಲ್ಲದೆ, ಅದರ ಪಕ್ಕದಲ್ಲಿರುವ ‘ವಾಲ್’ ಎಂಬ ಬಾಲದ ಕಡತದಲ್ಲಿ ಇರಬಹುದು. ಮುಖ್ಯ ಕಡತವನ್ನಷ್ಟೇ ನಕಲು ಮಾಡಿದರೆ ಕೊನೆಯ ಕೆಲವು ಹಾರಾಟಗಳು ನಕಲಿನಲ್ಲಿ ಕಾಣುವುದಿಲ್ಲ, ಮತ್ತು ಇಲ್ಲದ ದೋಷವೊಂದನ್ನು ಹುಡುಕುತ್ತ ಕೂರಬೇಕಾಗುತ್ತದೆ. ಆ್ಯಪ್ ಅನ್ನು ಪೂರ್ತಿ ಮುಚ್ಚಿ, ಒಂದೇ ಹೆಸರಿನಿಂದ ಆರಂಭವಾಗುವ ಎಲ್ಲ ಕಡತಗಳನ್ನೂ ಒಟ್ಟಿಗೆ ನಕಲು ಮಾಡಬೇಕು.

ವ್ಯತ್ಯಾಸದ ಗಾತ್ರವೇ ಮೊದಲ ಸುಳಿವು

ತಪ್ಪು ಎಲ್ಲಿದೆ ಎಂದು ಕೇಳುವ ಮೊದಲು ಎಷ್ಟಿದೆ ಎಂದು ನಿಖರವಾಗಿ ಬರೆದುಕೊಳ್ಳಬೇಕು. ವ್ಯತ್ಯಾಸವನ್ನು ನಿಮಿಷಗಳಲ್ಲಿ ಬರೆದರೆ ಅದು ಎಷ್ಟೋ ಸಲ ಕಾರಣವನ್ನೇ ಹೇಳಿಬಿಡುತ್ತದೆ.

ತೆರೆಯ ಮೇಲಿನ ಮೊತ್ತ ನಿಜವಾದ ಮೊತ್ತದ ಇಪ್ಪತ್ನಾಲ್ಕನೇ ಒಂದು ಭಾಗವಾಗಿದ್ದರೆ, ಅಂದರೆ 200 ಗಂಟೆ ಇರಬೇಕಾದಲ್ಲಿ 8.33 ಕಂಡರೆ, ಕಾರಣ ಎಕ್ಸೆಲ್. ಎಕ್ಸೆಲ್‌ಗೆ ಒಂದು ಪೂರ್ತಿ ದಿನ ಎಂದರೆ 1. ಆದ್ದರಿಂದ ಒಂದೂವರೆ ಗಂಟೆ ಅದರ ಒಳಗೆ 0.0625 ಆಗಿರುತ್ತದೆ, ಮತ್ತು ಆ ಕಾಲಂನ ಫಾರ್ಮ್ಯಾಟ್ ಬದಲಾದಾಗ ಲಾಗ್‌ಬುಕ್ ತಂತ್ರಾಂಶ ಅದನ್ನೇ ಗಂಟೆ ಎಂದು ಓದಿಕೊಳ್ಳುತ್ತದೆ. ವ್ಯತ್ಯಾಸ ಸರಿಯಾಗಿ 24 ಗಂಟೆ ಅಥವಾ ಅದರ ಗುಣಕವಾಗಿದ್ದರೆ ಎರಡು ಸಾಧ್ಯತೆಗಳಿವೆ. ಒಂದು, 23:40ಕ್ಕೆ ಹೊರಟು 01:10ಕ್ಕೆ ತಲುಪಿದ ಹಾರಾಟ. ಮಧ್ಯರಾತ್ರಿ ದಾಟಿದ್ದನ್ನು ಗಮನಿಸದ ಸೂತ್ರ ಒಂದೂವರೆ ಗಂಟೆಯ ಬದಲು ಋಣ ಇಪ್ಪತ್ತೆರಡೂವರೆ ಗಂಟೆ ಕೊಡುತ್ತದೆ. ಎಕ್ಸೆಲ್‌ನಲ್ಲಿ ಋಣ ಸಮಯ ಸಾಮಾನ್ಯವಾಗಿ ಹ್ಯಾಶ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಇನ್ನೊಂದು, ದತ್ತಾಂಶ ಸರಿಯಾಗಿಯೇ ಇದ್ದು ಪ್ರದರ್ಶನ ಮಾತ್ರ ತಪ್ಪಾಗಿರುವುದು. ಗಡಿಯಾರದ ಫಾರ್ಮ್ಯಾಟ್‌ನಲ್ಲಿ ಮೊತ್ತ 24 ದಾಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಕೆ ಶುರುವಾಗುತ್ತದೆ. ಗಂಟೆಯ ಅಕ್ಷರವನ್ನು ಚೌಕ ಆವರಣದೊಳಗೆ, [h] ಎಂದು, ಬರೆಯುವ ಫಾರ್ಮ್ಯಾಟ್ ಆರಿಸಿದರೆ ಪೂರ್ತಿ ಮೊತ್ತ ಕಾಣುತ್ತದೆ.

ವ್ಯತ್ಯಾಸ ಯಾವುದೋ ಒಂದು ಹಾರಾಟದ ಅವಧಿಗೆ ಸರಿಸಮವಾಗಿದ್ದರೆ ಆ ಹಾರಾಟ ಎರಡು ಸಲ ಸೇರಿದೆ ಅಥವಾ ಬಿಟ್ಟುಹೋಗಿದೆ. ವ್ಯತ್ಯಾಸವನ್ನು ಸಾಲುಗಳ ಸಂಖ್ಯೆಯಿಂದ ಭಾಗಿಸಿದಾಗ ಪ್ರತಿ ಸಾಲಿಗೆ ಮೂರು ನಿಮಿಷಕ್ಕಿಂತ ಕಡಿಮೆ ಬಂದರೆ ಸುತ್ತುಲೆಕ್ಕವನ್ನು, ಅಂದರೆ ಅಂಕಿಗಳನ್ನು ಹತ್ತಿರದ ದಶಮಾಂಶಕ್ಕೆ ಇಳಿಸುವ ಅಥವಾ ಏರಿಸುವ ಕ್ರಮವನ್ನು, ಅನುಮಾನಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ಭಾಗ ಹೇಳುವ ಗೊಂದಲವೇ ಹೆಚ್ಚು ಸಂಭವನೀಯ.

ದಶಮಾಂಶವೋ, ಗಂಟೆ–ನಿಮಿಷವೋ

ಅಮೆರಿಕದ ತರಬೇತಿ ವಿಮಾನಗಳಲ್ಲಿರುವ ಹಾಬ್ಸ್ ಮೀಟರ್, ಅಂದರೆ ವಿಮಾನ ಓಡಿದ ಸಮಯವನ್ನು ಎಣಿಸುವ ಸಾಧನ, ಗಂಟೆಯ ಹತ್ತನೇ ಭಾಗವನ್ನು ತೋರಿಸುತ್ತದೆ. ಅದರ ಒಂದು ಅಂಕ ಎಂದರೆ ಆರು ನಿಮಿಷ. 1.7 ಎಂದರೆ ಒಂದು ಗಂಟೆ ನಲವತ್ತೆರಡು ನಿಮಿಷ. ಇದೇ 1.7 ಅನ್ನು ಗಂಟೆ–ನಿಮಿಷ ನಿರೀಕ್ಷಿಸುವ ತಂತ್ರಾಂಶಕ್ಕೆ ಕೊಟ್ಟಾಗ ಅದು 1:07 ಎಂದು ಓದಿ ಮೂವತ್ತೈದು ನಿಮಿಷ ನುಂಗಬಹುದು, ಅಥವಾ ಒಂದು ಗಂಟೆ ಎಪ್ಪತ್ತು ನಿಮಿಷ ಎಂದು ತಿಳಿದು 2:10 ಮಾಡಿ ಇಪ್ಪತ್ತೆಂಟು ನಿಮಿಷ ಹೆಚ್ಚಿಸಬಹುದು. ತಿರುಗುಮುರುಗಾಗಿಯೂ ಇದು ನಡೆಯುತ್ತದೆ. ಭಾರತದಲ್ಲಿ ಕಲಿತವರು 1:45 ಅನ್ನು ಚುಕ್ಕಿ ಹಾಕಿ 1.45 ಎಂದು ಬರೆಯುವುದು ರೂಢಿ. ದಶಮಾಂಶ ನಿರೀಕ್ಷಿಸುವ ತಂತ್ರಾಂಶಕ್ಕೆ ಅದು ಒಂದು ಗಂಟೆ ಇಪ್ಪತ್ತೇಳು ನಿಮಿಷ. ಪ್ರತಿ ಸಾಲಿನಲ್ಲೂ ನಿಮಿಷಗಳ ಹತ್ತರಲ್ಲಿ ನಾಲ್ಕು ಭಾಗ ಸದ್ದಿಲ್ಲದೆ ಕಳೆದುಹೋಗುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ, ಏಕೆಂದರೆ ತಂತ್ರಾಂಶದ ದೃಷ್ಟಿಯಲ್ಲಿ ಎರಡೂ ಸರಿಯಾದ ಅಂಕಿಗಳೇ.

ಇದನ್ನು ಗುರುತಿಸುವ ಪರೀಕ್ಷೆ ಸುಲಭ ಮತ್ತು ಬಹುಮಟ್ಟಿಗೆ ನಂಬಬಹುದಾದದ್ದು. ಮೂಲ ಕಡತದಲ್ಲಿ ಅವಧಿಯ ಕಾಲಂ ಒಂದನ್ನೇ ತೆಗೆದುಕೊಂಡು ಚುಕ್ಕಿಯ ನಂತರದ ಅಂಕಿಗಳನ್ನು ಮಾತ್ರ ನೋಡಬೇಕು. ಎರಡು ಅಂಕಿಗಳಿದ್ದು, ನೂರಾರು ಸಾಲುಗಳಲ್ಲಿ ಒಂದೂ 59 ದಾಟಿಲ್ಲವಾದರೆ ಅದು ಗಂಟೆ–ನಿಮಿಷ. 62, 75, 83 ಇತ್ಯಾದಿಗಳು ಅಲ್ಲಲ್ಲಿ ಕಂಡರೆ ದಶಮಾಂಶ. ಒಂದೇ ಅಂಕಿಯಿದ್ದು ಅದು ಸೊನ್ನೆಯಿಂದ ಒಂಬತ್ತರವರೆಗೂ ಸಮನಾಗಿ ಹರಡಿದ್ದರೆ ಅದು ಹಾಬ್ಸ್‌ನ ಹತ್ತನೇ ಭಾಗ. ಎರಡೂ ಬಗೆ ಬೆರೆತಿರುವ ಕಡತಗಳೂ ಇವೆ. ಅಮೆರಿಕದ ಅವಧಿ ಮುಗಿದು ಭಾರತದ ಹಾರಾಟ ಶುರುವಾದ ದಿನಾಂಕದಲ್ಲಿ ಈ ಲಕ್ಷಣ ಬದಲಾಗುತ್ತದೆ. ಅಂಥ ಕಡತವನ್ನು ಎರಡಾಗಿ ಒಡೆದು, ಪ್ರತ್ಯೇಕ ಸಂಯೋಜನೆಯೊಂದಿಗೆ ಎರಡು ಸಲ ಆಮದು ಮಾಡಬೇಕು.

ಸುತ್ತುಲೆಕ್ಕದ ವಿಷಯದಲ್ಲಿ ದಿಕ್ಕು ಮುಖ್ಯ. ಹತ್ತನೇ ಭಾಗದಿಂದ ನಿಮಿಷಕ್ಕೆ ಹೋಗುವಾಗ ಏನೂ ಕಳೆಯುವುದಿಲ್ಲ, ಏಕೆಂದರೆ ಪ್ರತಿ ಹತ್ತನೇ ಭಾಗವೂ ಪೂರ್ಣ ಆರು ನಿಮಿಷ. ನಿಮಿಷದಿಂದ ಹತ್ತನೇ ಭಾಗಕ್ಕೆ ಬಂದರೆ ಕಳೆಯುತ್ತದೆ. 1:20ರ ಮೂರು ಹಾರಾಟಗಳು ಸೇರಿ ನಾಲ್ಕು ಗಂಟೆ, ಆದರೆ ಪ್ರತಿಯೊಂದನ್ನೂ 1.3 ಮಾಡಿ ಕೂಡಿದರೆ 3.9. ಬೇರೆಬೇರೆ ಅವಧಿಗಳಿದ್ದರೆ ಹೆಚ್ಚೂ ಕಡಿಮೆಯೂ ಒಂದನ್ನೊಂದು ಸರಿದೂಗಿಸಬಹುದು, ಆದರೆ ಒಂದೇ ಮಾರ್ಗದಲ್ಲಿ ಒಂದೇ ಅವಧಿಯ ಹಾರಾಟಗಳು ಪದೇಪದೇ ಬಂದಾಗ ನಷ್ಟ ಒಂದೇ ಕಡೆ ಬೆಳೆಯುತ್ತ ಹೋಗುತ್ತದೆ. ತಂತ್ರಾಂಶದಲ್ಲಿ ಅವಧಿಯನ್ನು ಪೂರ್ಣ ನಿಮಿಷಗಳಲ್ಲಿ ಇಡುವ ಆಯ್ಕೆಯಿದ್ದರೆ ಅದನ್ನೇ ಆರಿಸಿ, ದಶಮಾಂಶವನ್ನು ತೋರಿಸುವುದಕ್ಕಷ್ಟೇ ಬಳಸುವುದು ನನ್ನ ದೃಢವಾದ ಶಿಫಾರಸು. ಗಣಕದ ದಶಮಾಂಶ ಲೆಕ್ಕಕ್ಕೆ ತನ್ನದೇ ಒಂದು ಮಿತಿಯೂ ಇದೆ. 0.1 ಅನ್ನು ಹತ್ತು ಸಲ ಕೂಡಿದಾಗ ಅನೇಕ ತಂತ್ರಾಂಶ ಭಾಷೆಗಳಲ್ಲಿ ಒಂದಕ್ಕಿಂತ ಒಂದು ಎಳೆ ಕಡಿಮೆ ಬರುತ್ತದೆ. ಅದನ್ನು ಸುತ್ತದೆ ಕತ್ತರಿಸುವ ತಂತ್ರಾಂಶ 0.9 ಎಂದು ತೋರಿಸುತ್ತದೆ.

ಮೊದಲ ತಪ್ಪು ಸಾಲನ್ನು ಅರ್ಧಿಸುತ್ತ ಹುಡುಕುವುದು

ಗಾತ್ರದಿಂದ ಕಾರಣ ಹೊಳೆಯದಿದ್ದರೆ ಸಾಲನ್ನೇ ಹುಡುಕಬೇಕು, ಮತ್ತು ಅದಕ್ಕಾಗಿ ಎಲ್ಲ ಸಾಲುಗಳನ್ನೂ ಓದಬೇಕಾಗಿಲ್ಲ. ಕಾಗದದ ಲಾಗ್‌ಬುಕ್‌ನ ಪ್ರತಿ ಪುಟದ ಕೊನೆಯಲ್ಲೂ ಅಲ್ಲಿಯವರೆಗಿನ ಮೊತ್ತವಿರುತ್ತದೆ. ಅದೇ ನಮ್ಮ ಅಳತೆಗೋಲು. ಪುಸ್ತಕದ ನಟ್ಟನಡುವಿನ ಪುಟವನ್ನು ತೆರೆದು, ಆ ದಿನಾಂಕದವರೆಗಿನ ಸಾಲುಗಳನ್ನಷ್ಟೇ ತಂತ್ರಾಂಶದಲ್ಲಿ ಸೋಸಿ, ಎರಡು ಮೊತ್ತಗಳನ್ನು ಹೋಲಿಸಬೇಕು. ಅವು ತಾಳೆಯಾದರೆ ತಪ್ಪು ಮುಂದಿನ ಅರ್ಧದಲ್ಲಿದೆ, ಆಗದಿದ್ದರೆ ಹಿಂದಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಮೂರು ಸಾವಿರ ಸಾಲುಗಳಿದ್ದರೂ ಹನ್ನೆರಡು ಹೋಲಿಕೆಗಳಲ್ಲಿ ಒಂದೇ ಸಾಲಿಗೆ ಬಂದು ನಿಲ್ಲಬಹುದು.

ಈ ವಿಧಾನ ಮೋಸಹೋಗುವುದು ಒಂದು ಸಂದರ್ಭದಲ್ಲಿ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿದ್ದರೆ ನಡುವಿನ ಪುಟದ ಮೊತ್ತ ಆಕಸ್ಮಿಕವಾಗಿ ಸರಿಹೊಂದಬಹುದು. ಆದ್ದರಿಂದ ಗಂಟೆಗಳ ಜೊತೆಗೆ ಸಾಲುಗಳ ಸಂಖ್ಯೆಯನ್ನೂ ಲ್ಯಾಂಡಿಂಗ್‌ಗಳ ಸಂಖ್ಯೆಯನ್ನೂ ಹೋಲಿಸಬೇಕು. ಲ್ಯಾಂಡಿಂಗ್ ಪೂರ್ಣಾಂಕವಾದ್ದರಿಂದ ಅದಕ್ಕೆ ಸುತ್ತುಲೆಕ್ಕವಿಲ್ಲ, ಕಾಲವಲಯವಿಲ್ಲ, ದಶಮಾಂಶವಿಲ್ಲ. ಲ್ಯಾಂಡಿಂಗ್ ತಾಳೆಯಾಗಿ ಗಂಟೆ ತಾಳೆಯಾಗದಿದ್ದರೆ ದೋಷ ಅವಧಿಯ ಓದಿನಲ್ಲಿದೆ. ಲ್ಯಾಂಡಿಂಗ್ ಕೂಡ ತಾಳೆಯಾಗದಿದ್ದರೆ ಸಾಲೇ ಹೆಚ್ಚು ಕಡಿಮೆಯಾಗಿದೆ. ಕಾಗದದ ಪುಸ್ತಕವೇ ಇಲ್ಲದವರು ತರಬೇತಿ ಶಾಲೆಯ ಬಿಲ್ಲುಗಳನ್ನು ಹುಡುಕಿಕೊಳ್ಳಬೇಕು. ಬಾಡಿಗೆ ಹಾಬ್ಸ್ ಲೆಕ್ಕದಲ್ಲಿದ್ದರೆ ಆರಂಭದ ಮತ್ತು ಕೊನೆಯ ಓದುಗಳು ಅವುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಅದಕ್ಕಿಂತ ಸ್ವತಂತ್ರವಾದ ಸಾಕ್ಷಿ ಸಿಗುವುದು ಕಷ್ಟ.

ದಿನಾಂಕಗಳು

ಮೂರನೇ ಏಪ್ರಿಲ್‌ನ ಹಾರಾಟ ನಾಲ್ಕನೇ ಮಾರ್ಚ್‌ಗೆ ಹೋಗಿ ಕುಳಿತರೆ ಒಟ್ಟು ಗಂಟೆ ಬದಲಾಗುವುದಿಲ್ಲ. ಹಾಗಾಗಿ ಈ ದೋಷ ವರ್ಷಗಟ್ಟಲೆ ಕಾಣದೆ ಉಳಿಯುತ್ತದೆ. ಅದು ಹೊರಬೀಳುವುದು ‘ಕಳೆದ ತೊಂಬತ್ತು ದಿನಗಳಲ್ಲಿ ಮೂರು ಟೇಕಾಫ್ ಮತ್ತು ಲ್ಯಾಂಡಿಂಗ್’ ಎಂಬಂಥ ಇತ್ತೀಚಿನ ಅನುಭವದ ಲೆಕ್ಕದಲ್ಲಿ, ಅಥವಾ ಸೋಲೋ ಹಾರಾಟಕ್ಕಿಂತ ಮೊದಲೇ ಒಬ್ಬರೇ ದೂರದ ಊರಿಗೆ ಹಾರಿದಂತೆ ಕಂಡಾಗ. ದಿನ 12 ದಾಟದ ದಿನಾಂಕಗಳು ಮಾತ್ರ ಅದಲುಬದಲಾಗುತ್ತವೆ. 12 ದಾಟಿದವುಗಳನ್ನು ಎಕ್ಸೆಲ್ ದಿನಾಂಕವೆಂದೇ ಒಪ್ಪದೆ ಪಠ್ಯವಾಗಿ ಬಿಡುತ್ತದೆ. ಕಾಲಂನ ಜೋಡಣೆಯನ್ನು ಯಾರೂ ಬದಲಿಸಿಲ್ಲದಿದ್ದರೆ, ದಿನಾಂಕ ಬಲಕ್ಕೂ ಪಠ್ಯ ಎಡಕ್ಕೂ ಅಂಟಿ ನಿಂತಿರುತ್ತದೆ. ಒಂದೇ ಕಾಲಂನಲ್ಲಿ ಎರಡೂ ಬಗೆ ಕಂಡರೆ ಆ ಕಡತ ಈಗಾಗಲೇ ಕೆಟ್ಟಿದೆ. ಅದನ್ನು ರಿಪೇರಿ ಮಾಡುವ ಬದಲು ಮೂಲ ತಂತ್ರಾಂಶದಿಂದ ಮತ್ತೆ ರಫ್ತು ಮಾಡಿ, ದಿನಾಂಕವನ್ನು ವರ್ಷ–ತಿಂಗಳು–ದಿನ ಕ್ರಮದಲ್ಲಿ ಪಡೆಯುವುದು ಒಳ್ಳೆಯದು. ಎಲ್ಲ ದಿನಾಂಕಗಳೂ ಒಟ್ಟಾಗಿ ನಾಲ್ಕು ವರ್ಷ ಒಂದು ದಿನ, ಅಂದರೆ 1462 ದಿನ ಜರುಗಿದ್ದರೆ, ಅದು ಹಳೆಯ ಮ್ಯಾಕ್ ಎಕ್ಸೆಲ್ ಬಳಸುತ್ತಿದ್ದ 1904ರ ದಿನಾಂಕ ಪದ್ಧತಿಗೂ 1900ರ ಪದ್ಧತಿಗೂ ಇರುವ ಅಂತರ.

ಯುಟಿಸಿ, ಸ್ಥಳೀಯ ಸಮಯ ಮತ್ತು ರಾತ್ರಿ ಹಾರಾಟ

ರಾತ್ರಿ ಹಾರಾಟದ ಕಾಲಂ ಹೆಚ್ಚಿನ ತಂತ್ರಾಂಶಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಸಮಯ, ಸ್ಥಳದ ಅಕ್ಷಾಂಶ–ರೇಖಾಂಶ ಮತ್ತು ರಾತ್ರಿಯ ವ್ಯಾಖ್ಯೆ. ಮೂರರಲ್ಲಿ ಒಂದು ತಪ್ಪಿದರೂ ಕಾಲಂ ನಂಬಲರ್ಹವಲ್ಲ. ಭಾರತದ ವಾಣಿಜ್ಯ ಪೈಲಟ್ ಪರವಾನಗಿಗೆ ಬೇಕಾದ 200 ಗಂಟೆಗಳಲ್ಲಿ ಐದು ಗಂಟೆಯ ರಾತ್ರಿ ಹಾರಾಟವೂ ಸೇರಿರುವುದರಿಂದ, ಇಲ್ಲಿ ಅರ್ಧ ಗಂಟೆಯ ತಪ್ಪೂ ಅರ್ಜಿಯನ್ನು ತಡೆಹಿಡಿಯಬಲ್ಲದು.

ಸಮಯದ ತಪ್ಪನ್ನು ಗುರುತಿಸಲು ಮಧ್ಯಾಹ್ನದ ಒಂದು ಹಾರಾಟವನ್ನು ಆರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಮಧ್ಯಾಹ್ನ 13:30ಕ್ಕೆ ಹೊರಟ ಹಾರಾಟಕ್ಕೆ ರಾತ್ರಿಯ ಅವಧಿ ನಮೂದಾಗಿದ್ದರೆ, ಸ್ಥಳೀಯ ಸಮಯವನ್ನು ತಂತ್ರಾಂಶ ಯುಟಿಸಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಪ್ರಮಾಣ ಸಮಯ) ಎಂದು ಓದಿ ಅದನ್ನು ಸಂಜೆ 19:00 ಮಾಡಿದೆ ಎಂದೇ ಅರ್ಥ. ಹಾಗೆಯೇ ನಸುಕಿನ 04:30ರ ಹಾರಾಟ ಹಗಲಾಗಿ ಕಾಣುತ್ತದೆ. ಫ್ಲಾರಿಡಾದ ಬೇಸಿಗೆಯಲ್ಲಿ ಇದರ ಫಲ ಬೇರೆ. ಅಲ್ಲಿಯ ಸಮಯ ಯುಟಿಸಿಗಿಂತ ನಾಲ್ಕು ಗಂಟೆ ಹಿಂದಿರುವುದರಿಂದ ರಾತ್ರಿ 21:30ರ ಹಾರಾಟ ಸಂಜೆ ಐದೂವರೆಯಾಗಿ ಹಗಲಿಗೆ ಸೇರುತ್ತದೆ, ಕಷ್ಟಪಟ್ಟು ಗಳಿಸಿದ ರಾತ್ರಿ ಗಂಟೆಗಳು ಸೊನ್ನೆಯಾಗುತ್ತವೆ. ತಪ್ಪು ಒಂದೇ ಗಂಟೆಯದಾಗಿದ್ದು, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗಿನ ಸಾಲುಗಳಲ್ಲಷ್ಟೇ ಇದ್ದರೆ, ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಅಮೆರಿಕದ ಪದ್ಧತಿಯನ್ನು ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅರಿಜೋನಾದ ಬಹುಭಾಗ ಈ ಪದ್ಧತಿಯನ್ನು ಅನುಸರಿಸುವುದಿಲ್ಲವಾದ್ದರಿಂದ ಫೀನಿಕ್ಸ್‌ನಲ್ಲಿ ಕಲಿತವರು ಇದರ ವಿರುದ್ಧ ತಪ್ಪನ್ನು ಪರೀಕ್ಷಿಸಬೇಕು. ಅವರ ಸಾಲುಗಳಲ್ಲಿ ಬೇಡದ ಒಂದು ಗಂಟೆ ಸೇರಿರಬಹುದು.

ಯುಟಿಸಿಗೆ ಬದಲಾಯಿಸಿದಾಗ ದಿನಾಂಕವೂ ಬದಲಾಗಬಹುದು ಎಂಬುದನ್ನು ಮರೆಯಬಾರದು. ಹತ್ತನೇ ತಾರೀಖಿನ ಬೆಳಗಿನ 04:30 ಯುಟಿಸಿಯಲ್ಲಿ ಒಂಬತ್ತನೇ ತಾರೀಖಿನ 23:00. ರೋಸ್ಟರ್‌ನಿಂದ (ಸಂಸ್ಥೆಯ ಪಾಳಿ ಪಟ್ಟಿಯಿಂದ) ಬಂದ ಸಾಲು ಹತ್ತರಲ್ಲೂ ಕೈಯಿಂದ ಬರೆದ ಸಾಲು ಒಂಬತ್ತರಲ್ಲೂ ಇದ್ದರೆ ತಂತ್ರಾಂಶ ಅವುಗಳನ್ನು ಎರಡು ಹಾರಾಟಗಳೆಂದು ತಿಳಿಯುತ್ತದೆ. ಒಂದೇ ನೋಂದಣಿಯ ವಿಮಾನ, ಒಂದೇ ಅವಧಿ, ಹೊರಟ ಸಮಯದಲ್ಲಿ ಸರಿಯಾಗಿ ಐದೂವರೆ ಗಂಟೆಯ ಅಂತರ ಇರುವ ಜೋಡಿಗಳನ್ನು ಹುಡುಕಿದರೆ ಇಂಥ ನಕಲುಗಳು ಸಿಗುತ್ತವೆ.

ವ್ಯಾಖ್ಯೆಯ ವಿಷಯಕ್ಕೆ ಬಂದರೆ, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮಗಳೊಳಗೇ ಎರಡು ರಾತ್ರಿಗಳಿವೆ. ಲಾಗ್ ಮಾಡುವುದಕ್ಕೆ ಸಂಜೆಯ ನಾಗರಿಕ ಸಂಧ್ಯೆ ಮುಗಿದಾಗಿನಿಂದ, ಅಂದರೆ ಸೂರ್ಯ ದಿಗಂತದಿಂದ ಆರು ಡಿಗ್ರಿ ಕೆಳಗಿಳಿದಾಗಿನಿಂದ, ರಾತ್ರಿ. ಪ್ರಯಾಣಿಕರನ್ನು ಒಯ್ಯಲು ಬೇಕಾದ ಲ್ಯಾಂಡಿಂಗ್ ಎಣಿಕೆಗೆ ಸೂರ್ಯಾಸ್ತದ ಒಂದು ಗಂಟೆಯ ನಂತರ ರಾತ್ರಿ. ಬೆಂಗಳೂರಿನ ಅಕ್ಷಾಂಶದಲ್ಲಿ ನಾಗರಿಕ ಸಂಧ್ಯೆ ಇಪ್ಪತ್ತೆರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನ ಒಂದೇ ಆಯ್ಕೆ ಪ್ರತಿ ಸಂಜೆಯ ಹಾರಾಟದಲ್ಲಿ ಅರ್ಧ ಗಂಟೆಗೂ ಮಿಕ್ಕಿದ ವ್ಯತ್ಯಾಸ ತರಬಲ್ಲದು. ಯಾವ ದೇಶದ ಪರವಾನಗಿಗೆ ಲೆಕ್ಕ ಕೊಡಬೇಕೋ ಆ ದೇಶದ ವ್ಯಾಖ್ಯೆಯನ್ನೇ ಇಡಬೇಕು. ಅದನ್ನು ಬದಲಾಯಿಸಿದಾಗ ಹಳೆಯ ಸಾಲುಗಳೂ ಮರುಲೆಕ್ಕಕ್ಕೆ ಒಳಗಾಗುತ್ತವೆಯೇ ಎಂದು ಒಂದೆರಡು ಹಳೆಯ ಸಾಲುಗಳನ್ನು ತೆರೆದು ನೋಡಬೇಕು.

ವಿಮಾನ ನಿಲ್ದಾಣದ ಸಂಕೇತ ಮತ್ತು ಸ್ಥಾನ

ಜಕ್ಕೂರಿಗೆ ವಿಒಜೆಕೆ ಎಂಬ ನಾಲ್ಕಕ್ಷರದ ಅಂತರರಾಷ್ಟ್ರೀಯ ಐಕಾವೊ ಸಂಕೇತವಿದೆ, ಆದರೆ ಟಿಕೆಟ್‌ಗಳಲ್ಲಿ ಕಾಣುವಂಥ ಮೂರಕ್ಷರದ ಐಯಾಟಾ ಸಂಕೇತವಿಲ್ಲ. ಅಮೆರಿಕದ ಅನೇಕ ಸಣ್ಣ ನಿಲ್ದಾಣಗಳಿಗೆ ಎಫ್‌ಎಎ ಕೊಟ್ಟ ಸ್ಥಳೀಯ ಸಂಕೇತವಷ್ಟೇ ಇರುತ್ತದೆ. ತಂತ್ರಾಂಶದ ಪಟ್ಟಿಯಲ್ಲಿ ಇವು ಇಲ್ಲದಿದ್ದರೆ ಸ್ಥಾನ ಖಾಲಿ ಉಳಿದು ದೂರವೂ ರಾತ್ರಿಯೂ ಸೊನ್ನೆಯಾಗುತ್ತವೆ. ಆಗ ಸ್ಥಾನವನ್ನು ಕೈಯಿಂದ ಸೇರಿಸಬೇಕಾಗುತ್ತದೆ, ಮತ್ತು ಅಲ್ಲೇ ಎರಡನೇ ತಪ್ಪು ಕಾದಿರುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಅಕ್ಷಾಂಶ 13 ಡಿಗ್ರಿ 11 ನಿಮಿಷ 56 ಸೆಕೆಂಡ್. ಅದನ್ನು 13.1156 ಎಂದು ಬರೆಯುವುದು ತಪ್ಪು, ದಶಮಾಂಶದಲ್ಲಿ ಅದು 13.1989. ರೇಖಾಂಶದ ಚಿಹ್ನೆ ತಪ್ಪಿದರೆ ಪರಿಣಾಮ ಇನ್ನೂ ದೊಡ್ಡದು. ಪೂರ್ವವನ್ನು ಋಣವಾಗಿ ಬರೆದರೆ ಬೆಂಗಳೂರು ಕೆರಿಬಿಯನ್ ಸಮುದ್ರದ ನಡುವೆ ಹೋಗಿ ಬೀಳುತ್ತದೆ ಮತ್ತು ಸೂರ್ಯೋದಯ ಹತ್ತು ಗಂಟೆಗೂ ಹೆಚ್ಚು ಜರುಗುತ್ತದೆ. ತಂತ್ರಾಂಶದ ನಕ್ಷೆಯನ್ನು ಒಮ್ಮೆ ತೆರೆದು ನೋಡುವುದೇ ಇದಕ್ಕೆ ಸಾಕಾದ ಪರೀಕ್ಷೆ.

ಹಿರಿಯ ಪೈಲಟ್‌ಗಳ ದಾಖಲೆಗಳಲ್ಲಿ ಮಾತ್ರ ಕಾಣುವ ಒಂದು ದೋಷವಿದೆ. 2008ರ ಮೇ ತಿಂಗಳವರೆಗೆ ಬಿಎಲ್‌ಆರ್ ಎಂದರೆ ಎಚ್‌ಎಎಲ್ ವಿಮಾನ ನಿಲ್ದಾಣ, ಆಮೇಲೆ ಅದೇ ಸಂಕೇತ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋಯಿತು. ಹೈದರಾಬಾದಿನ ಎಚ್‌ವೈಡಿ ಅದೇ ವರ್ಷದ ಮಾರ್ಚ್‌ನಲ್ಲಿ ಬೇಗಂಪೇಟೆಯಿಂದ ಶಂಷಾಬಾದಿಗೆ ಹೋಯಿತು. ಹಳೆಯ ಸಾಲುಗಳನ್ನು ಆಮದು ಮಾಡಿದಾಗ ಅವೆಲ್ಲ ಆಗ ಇಲ್ಲದ ನಿಲ್ದಾಣಗಳಲ್ಲಿ ಇಳಿದಂತೆ ಕಾಣುತ್ತವೆ. ಆ ದಿನಾಂಕಗಳಿಗಿಂತ ಹಿಂದಿನ ಸಾಲುಗಳಲ್ಲಿ ವಿಒಬಿಎಲ್ ಬದಲು ವಿಒಬಿಜಿ, ವಿಒಎಚ್‌ಎಸ್ ಬದಲು ವಿಒಎಚ್‌ವೈ ಎಂದು ಒಟ್ಟಾಗಿ ಬದಲಾಯಿಸಬಹುದು.

ಪಿಐಸಿ ಮತ್ತು ಡ್ಯುಯಲ್ ಸೇರಿ ಒಟ್ಟು ಮೀರಿದಾಗ

ಇದು ತಂತ್ರಾಂಶದ ದೋಷದಂತೆ ಕಾಣುತ್ತದೆ, ಆದರೆ ಮೂಲ ನಿಯಮದ ಭೇದದಲ್ಲಿದೆ. ಅಮೆರಿಕದ ನಿಯಮ 61.51ರ ಪ್ರಕಾರ, ತನಗೆ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅರ್ಹತೆ) ಇರುವ ವಿಮಾನದ ನಿಯಂತ್ರಣವನ್ನು ತಾನೊಬ್ಬನೇ ನಿರ್ವಹಿಸಿದ ಅವಧಿಯನ್ನು, ಪಕ್ಕದಲ್ಲಿ ಬೋಧಕರಿದ್ದರೂ, ಪೈಲಟ್ ಪಿಐಸಿ (ವಿಮಾನದ ಹೊಣೆ ಹೊತ್ತ ಪೈಲಟ್) ಎಂದು ಲಾಗ್ ಮಾಡಬಹುದು. ಅದೇ ಅವಧಿ ಡ್ಯುಯಲ್ ಕಾಲಂನಲ್ಲೂ ಬರುತ್ತದೆ. ಭಾರತದಲ್ಲಿ ಬೋಧಕರಿಂದ ಪಾಠ ಪಡೆಯುತ್ತ ಹಾರಿದ್ದು ಡ್ಯುಯಲ್ ಮಾತ್ರ, ಪಿಐಸಿ ಅಲ್ಲ. ಆದ್ದರಿಂದ ಪಿಐಸಿ, ಡ್ಯುಯಲ್ ಮತ್ತು ಕೋ-ಪೈಲಟ್ ಮೂರರ ಮೊತ್ತ ಒಟ್ಟು ಗಂಟೆಯನ್ನು ಮೀರಿದರೆ ಸೂತ್ರವನ್ನು ಬೈಯುವ ಮೊದಲು, ಒಂದೇ ಸಾಲಿನಲ್ಲಿ ಪಿಐಸಿ ಮತ್ತು ಡ್ಯುಯಲ್ ಎರಡೂ ತುಂಬಿರುವ ಸಾಲುಗಳನ್ನು ಸೋಸಿ ತೆಗೆಯಬೇಕು. ಅವುಗಳ ಮೂಲ ಅಂಕಿಯನ್ನು ಅಳಿಸಬಾರದು, ಏಕೆಂದರೆ ಅಮೆರಿಕದ ಪ್ರಮಾಣಪತ್ರಕ್ಕೆ ಅದು ಸರಿಯಾದ ದಾಖಲೆಯೇ. ‘ಡಿಜಿಸಿಎ ಪಿಐಸಿ’ ಎಂಬ ಹೊಸ ಕಾಲಂ ಮಾಡಿ, ಅಲ್ಲಿ ಬೋಧಕರಿಲ್ಲದ ಅವಧಿಯನ್ನಷ್ಟೇ ತುಂಬಿ, ಅರ್ಜಿಯ ಮೊತ್ತವನ್ನು ಅದರಿಂದಲೇ ಪಡೆಯುವುದು ನೇರವಾದ ದಾರಿ. ಸಿಮ್ಯುಲೇಟರ್ ಗಂಟೆಗಳು ಒಟ್ಟು ಹಾರಾಟಕ್ಕೆ ಸೇರಿಕೊಂಡಿವೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಬೇಕು.

ರೋಸ್ಟರ್ ಮತ್ತು ಸಿಎಸ್‌ವಿ ಆಮದು

ವಿಮಾನಯಾನ ಸಂಸ್ಥೆಯ ರೋಸ್ಟರ್‌ನಿಂದ ಸಾಲುಗಳು ತಾವಾಗಿ ಬರುವಲ್ಲಿ ಅತಿ ಗಂಭೀರ ದೋಷವೆಂದರೆ, ಪ್ರಯಾಣಿಕರ ಆಸನದಲ್ಲಿ ಕುಳಿತು ಇನ್ನೊಂದು ಊರಿಗೆ ಹೋದ ಡೆಡ್‌ಹೆಡ್ ಪಯಣವೂ ಹಾರಾಟವಾಗಿ ದಾಖಲಾಗುವುದು. ಅಂಥ ಸಾಲುಗಳಲ್ಲಿ ಗಂಟೆ ಇರುತ್ತದೆ, ಆದರೆ ಟೇಕಾಫ್, ಲ್ಯಾಂಡಿಂಗ್, ಪಾತ್ರ ಮೂರೂ ಖಾಲಿ ಇರುತ್ತವೆ ಎಂಬುದರಿಂದ ಗುರುತು ಹಚ್ಚಬಹುದು. ನಿಗದಿತ ಸಮಯ ಬಂದು ವಾಸ್ತವ ಸಮಯ ಬಾರದಿರುವುದು ಇನ್ನೊಂದು. ಎಲ್ಲ ಸಮಯಗಳೂ ಐದರ ಗುಣಕಗಳಾಗಿದ್ದರೆ ಅವು ನಿಗದಿತ ಸಮಯಗಳೇ.

ಎಕ್ಸೆಲ್ ಮೂಲಕ ಹಾದುಬಂದ ಕಡತಗಳಲ್ಲಿ ಭಾರತಕ್ಕೇ ವಿಶೇಷವಾದ ಒಂದು ಎಡವಟ್ಟಿದೆ. 6ಇ ಇಂದ ಆರಂಭವಾಗುವ ವಿಮಾನ ಸಂಖ್ಯೆಯನ್ನು ನಡುವೆ ಜಾಗ ಬಿಡದೆ ಬರೆದರೆ, ಎಕ್ಸೆಲ್ ಆ ಅಕ್ಷರವನ್ನು ಹತ್ತರ ಘಾತದ ಚಿಹ್ನೆ ಎಂದು ತಿಳಿಯುತ್ತದೆ. 6ಇ205 ಎಂಬುದು ಆರರ ಮುಂದೆ ಇನ್ನೂರೈದು ಸೊನ್ನೆಗಳ ಸಂಖ್ಯೆಯಾಗುತ್ತದೆ. ಘಾತ 307 ದಾಟಿದ ಸಂಖ್ಯೆಗಳು ಎಕ್ಸೆಲ್‌ನ ಮಿತಿ ಮೀರುವುದರಿಂದ ಪಠ್ಯವಾಗಿಯೇ ಉಳಿಯುತ್ತವೆ. ಕೆಲವು ಸಂಖ್ಯೆಗಳು ಮಾತ್ರ ಕೆಟ್ಟು ಉಳಿದವು ಸರಿಯಾಗಿರುವುದಕ್ಕೆ ಇದೇ ಕಾರಣ. ಕಡತವನ್ನು ಎರಡು ಸಲ ಒತ್ತಿ ತೆರೆಯದೆ, ಎಕ್ಸೆಲ್‌ನ ದತ್ತಾಂಶ ಆಮದು ಸೌಲಭ್ಯದಿಂದ ತೆರೆದು ಆ ಕಾಲಂ ಪಠ್ಯ ಎಂದು ಮೊದಲೇ ಹೇಳಬೇಕು.

ಷರಾ ಕಾಲಂನಲ್ಲಿರುವ ಅಲ್ಪವಿರಾಮ ಮುಂದಿನ ಎಲ್ಲ ಕಾಲಂಗಳನ್ನೂ ಒಂದು ಮನೆ ಬಲಕ್ಕೆ ತಳ್ಳಬಲ್ಲದು. ಆ ಸಾಲಿನಲ್ಲಿ ಕಾಲಂಗಳ ಸಂಖ್ಯೆ ಹೆಚ್ಚಿರುವುದರಿಂದ ಅದು ಬೇಗ ಸಿಗುತ್ತದೆ. ಕನ್ನಡದಲ್ಲಿ ಷರಾ ಬರೆಯುವವರು ಸಿಎಸ್‌ವಿ ಉಳಿಸುವಾಗ ಯುಟಿಎಫ್-8 ಆಯ್ಕೆಯನ್ನೇ ಆರಿಸಬೇಕು. ಕನ್ನಡದ ಬದಲು ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಕಡತವನ್ನು ಉಳಿಸದೆ ಮುಚ್ಚಿ ಸರಿಯಾದ ಆಯ್ಕೆಯಿಂದ ತೆರೆದರೆ ಸಾಕು. ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದುಹೋಗಿದ್ದರೆ ಮೂಲ ಪಠ್ಯ ಆ ಕಡತದಲ್ಲಿ ಇನ್ನಿಲ್ಲ. ಸಮಯದ ಅಂಕಣದಲ್ಲಿ ಕನ್ನಡ ಅಂಕಿಗಳನ್ನು ಬಳಸದಿರುವುದು ಕ್ಷೇಮ, ಬಹಳಷ್ಟು ತಂತ್ರಾಂಶಗಳು ಅವುಗಳನ್ನು ಸಂಖ್ಯೆಗಳೆಂದು ಓದುವುದಿಲ್ಲ.

ತಿದ್ದುವ ಕ್ರಮ

ಕಾರಣ ಸಿಕ್ಕ ಮೇಲೆ ತಿದ್ದುಪಡಿಯನ್ನು ಮೂಲ ಕಡತದ ನಕಲಿನಲ್ಲಿ ಮಾಡಿ, ಖಾಲಿ ಲಾಗ್‌ಬುಕ್ ಒಂದಕ್ಕೆ ಮೊದಲು ಹತ್ತು ಸಾಲುಗಳನ್ನಷ್ಟೇ ಆಮದು ಮಾಡಿ ನೋಡಬೇಕು. ಆ ಹತ್ತರಲ್ಲಿ ಮಧ್ಯರಾತ್ರಿ ದಾಟಿದ ಒಂದು, ಸಂಜೆಯ ಒಂದು, ಬೋಧಕರೊಂದಿಗಿನ ಒಂದು, ತಿಂಗಳ ಹದಿಮೂರರ ನಂತರದ ಒಂದು ಹಾರಾಟ ಇರಲೇಬೇಕು. ಅವು ಸರಿಬಂದರೆ ಉಳಿದವನ್ನು ತರಬಹುದು. ಬೋಧಕರ ಡಿಜಿಟಲ್ ಸಹಿ ಇರುವ ಸಾಲುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಸಹಿಯಾದ ನಂತರ ಸಾಲಿನ ಒಂದು ಅಂಕಿ ಬದಲಾದರೂ ಸಹಿ ಅಸಿಂಧುವಾಗುವಂತೆ ತಂತ್ರಾಂಶಗಳನ್ನು ರೂಪಿಸಿರುತ್ತಾರೆ, ಮತ್ತು ಸಿಎಸ್‌ವಿಯಲ್ಲಿ ಸಹಿ ಸಾಗುವುದಿಲ್ಲ. ಹಳೆಯ ತಂತ್ರಾಂಶವನ್ನು ಬಿಡುವ ಮೊದಲು ಸಹಿಗಳು ಕಾಣುವ ಪಿಡಿಎಫ್ ಪ್ರತಿಯನ್ನು ತೆಗೆದಿಡಬೇಕು.

ಪ್ರತಿ ತಿದ್ದುಪಡಿಗೂ ಷರಾದಲ್ಲಿ ದಿನಾಂಕ, ಹಳೆಯ ಅಂಕಿ, ಹೊಸ ಅಂಕಿ ಮತ್ತು ಆಧಾರವನ್ನು ಬರೆಯಬೇಕು. ಕಾಗದದ ಪುಸ್ತಕದಲ್ಲಿ ತಪ್ಪನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಸಹಿ ಹಾಕುವುದಕ್ಕೆ ಇದು ಸಮ. ಡಿಜಿಸಿಎಯ ಇಜಿಸಿಎ ಪೋರ್ಟಲ್‌ನ ಇ-ಲಾಗ್‌ಬುಕ್‌ಗೆ ಈಗಾಗಲೇ ಹೋಗಿರುವ ಸಾಲು ತಪ್ಪಾಗಿದ್ದರೆ, ಆ ಹಾರಾಟವನ್ನು ದೃಢೀಕರಿಸಿದ ಸಂಸ್ಥೆಗೆ ಟೆಕ್ ಲಾಗ್‌ನ (ವಿಮಾನದಲ್ಲೇ ಇಡುವ ದಾಖಲೆ ಪುಸ್ತಕದ) ಅಥವಾ ಹಾರಾಟ ಪತ್ರದ ಪ್ರತಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. ಸ್ವಂತ ತಂತ್ರಾಂಶದಲ್ಲಿ ಮಾತ್ರ ತಿದ್ದಿಕೊಂಡು ಸುಮ್ಮನಾದರೆ ಒಂದೇ ಹಾರಾಟಕ್ಕೆ ಎರಡು ದಾಖಲೆಗಳು ಉಳಿಯುತ್ತವೆ. ಎಲ್ಲವೂ ತಾಳೆಯಾದ ಮೇಲೆ ಒಂದೇ ಸಾಧನದಲ್ಲಿ ಸಿಂಕ್ ಆನ್ ಮಾಡಿ, ಸಾಲುಗಳ ಸಂಖ್ಯೆ ಬದಲಾಗಿಲ್ಲವೆಂದು ನೋಡಿಕೊಂಡು, ಉಳಿದ ಸಾಧನಗಳಲ್ಲಿನ ಹಳೆಯ ಪ್ರತಿಯನ್ನು ತೆಗೆದ ನಂತರವೇ ಅವುಗಳನ್ನು ಒಂದೊಂದಾಗಿ ಜೋಡಿಸಬೇಕು.